ಕುಂಭಾರಿಯಲ್ಲಿ ಕೂರಿಸಿದ ಹೀಟರ್, ಲಡಾಖಿನಲ್ಲಿ ಉರಿದ ಬಗೆ: ಕ್ಯಾಂಪರ್ ವ್ಯಾನಿಗೆ ಡೀಸೆಲ್ ಪಾರ್ಕಿಂಗ್ ಹೀಟರ್ ಅಳವಡಿಕೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ನನ್ನ ದನಿ ಎಲ್ಲರಿಗೂ ಕೇಳಿಸ್ತಾ ಇದೆ ಅಂದುಕೊಳ್ತೀನಿ. ನಡುವೆ ಸಂಪರ್ಕ ಕಡಿದರೆ ದಯವಿಟ್ಟು ಹೇಳಿ, ಮತ್ತೆ ಅಲ್ಲಿಂದಲೇ ಶುರು ಮಾಡ್ತೀನಿ.

ವಿಷಯ ಕೇಳಿ ಕೆಲವರು ನಕ್ಕಿರಬಹುದು. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ ನಮ್ಮ ಕುಂಭಾರಿ. ಬೇಸಿಗೆಯಲ್ಲಿ 42, 43 ಡಿಗ್ರಿ ಅನ್ನೋದು ನಮಗೆ ಸುದ್ದಿಯೇ ಅಲ್ಲ. ಅಂಥ ಊರಿನಲ್ಲಿ ಕೂತು ವಾಹನಕ್ಕೆ ಹೀಟರ್ ಹಾಕುವ ಮಾತು ಯಾಕೆ? ಕಾರಣ ಸರಳ. ನನ್ನ ಸೋದರಮಾವ ವರ್ಷಗಟ್ಟಲೆ ಎಸ್.ಟಿ. ಬಸ್ಸು ಓಡಿಸಿ ನಿವೃತ್ತರಾದವರು. ಹಳೆಯ ಟ್ರಾವೆಲರ್ ವ್ಯಾನೊಂದನ್ನು ಕೊಂಡು, ಒಳಗೆ ಹಾಸಿಗೆ, ಒಲೆ, ನೀರಿನ ಡಬ್ಬಿ ಕೂಡಿಸಿ ಲಡಾಖಿಗೆ ಹೋಗಬೇಕು ಅಂತ ಹಟ ಹಿಡಿದರು. ಉಷ್ಣ ಇಂಜಿನಿಯರಿಂಗ್ ಓದುವ ಅಳಿಯ ಮನೆಯಲ್ಲೇ ಇದ್ದಾನೆ ಅಂದಮೇಲೆ ಹೀಟರಿನ ಕೆಲಸ ನನ್ನ ಪಾಲಿಗೆ ಬಂತು.

ಇವತ್ತು ನಾನು ಹೇಳಬೇಕಾದ್ದು ಒಂದೇ ಮಾತು. ಡೀಸೆಲ್ ಹೀಟರ್ ಕೂರಿಸೋದು ಅಂದ್ರೆ ಬಿಸಿ ಮಾಡೋ ಕೆಲಸ ಅಲ್ಲ. ಎರಡು ಗಾಳಿಗಳನ್ನು ಬೇರೆ ಬೇರೆಯಾಗಿ ಇಡೋ ಕೆಲಸ. ಆ ಕೆಲಸ ಬಯಲುಸೀಮೆಯಲ್ಲಿ ಸರಿಯಾಗಿದೆ ಅಂತ ಕಂಡರೆ ಬೆಟ್ಟದ ಮೇಲೂ ಸರಿಯಾಗಿರುತ್ತೆ ಅಂತ ಅರ್ಥವಲ್ಲ. ಇದನ್ನು ನಾನು ಪುಸ್ತಕದಿಂದ ಕಲಿಯಬಹುದಾಗಿತ್ತು. ಕಲಿತದ್ದು ಮಾತ್ರ ಪ್ಯಾಂಗಾಂಗ್ ಸರೋವರದ ದಂಡೆಯಲ್ಲಿ, ಅರ್ಧರಾತ್ರಿ.

1. ಯಂತ್ರದ ಒಳಗೆ

ಇಂಜಿನ್ ನಿಂತಿರುವಾಗಲೂ ವಾಹನದ ಒಳಗನ್ನು ಬೆಚ್ಚಗಿಡುವ ಯಂತ್ರಕ್ಕೆ ಪಾರ್ಕಿಂಗ್ ಹೀಟರ್ ಅಂತಾರೆ. ಯುರೋಪಿನ ಲಾರಿ, ದೋಣಿ, ಕ್ಯಾಂಪರ್ ವ್ಯಾನುಗಳಲ್ಲಿ ಇದು ಬಹಳ ಹಳೆಯ ಬಳಕೆ. ಜರ್ಮನಿಯ ವೆಬಾಸ್ಟೊ, ಎಬರ್‌ಸ್ಪೇಷರ್ ಈ ಕ್ಷೇತ್ರದ ಹಳೆಯ ಹೆಸರುಗಳು. ಎರಡರ ಮೂಲವೂ ಎಸ್ಲಿಂಗನ್ ಎಂಬ ಒಂದೇ ಊರು. ಈಗ ಇದೇ ತತ್ವದ ಅಗ್ಗದ ಯಂತ್ರಗಳು ಎಲ್ಲ ಕಡೆ ಸಿಗುತ್ತವೆ. ನಾವು ತಂದದ್ದೂ ಅಂಥದ್ದೇ, 2 ಕಿಲೋವ್ಯಾಟಿನದು.

ಒಳಗಿನ ರಚನೆ ನೋಡ್ರಿ. ನಡುವೆ ಒಂದು ಮೋಟರ್. ಅದರ ಎರಡು ತುದಿಗೆ ಎರಡು ಫ್ಯಾನು. ಚಿಕ್ಕ ಫ್ಯಾನು ವಾಹನದ ಹೊರಗಿನಿಂದ ಗಾಳಿ ಎಳೆದು ಉರಿಯುವ ಕೋಣೆಗೆ ಕೊಡುತ್ತದೆ. ಅಲ್ಲಿ ಗ್ಲೋ ಪ್ಲಗ್ ಕೆಂಪಗೆ ಕಾಯ್ದು ಡೀಸೆಲ್ಲನ್ನು ಹೊತ್ತಿಸುತ್ತದೆ. ಟ್ಯಾಂಕಿನ ಹತ್ತಿರ ಇರುವ ಪುಟ್ಟ ಪಂಪು ಟಕ್, ಟಕ್ ಅಂತ ಬಡಿಯುತ್ತ ಪ್ರತಿ ಬಡಿತಕ್ಕೆ ಅಳೆದ ಹನಿಯಷ್ಟು ಡೀಸೆಲ್ ಕಳಿಸುತ್ತದೆ. ಉರಿದ ಹೊಗೆ ಉಕ್ಕಿನ ಕೊಳವೆಯಲ್ಲಿ ಮತ್ತೆ ಹೊರಗೇ ಹೋಗುತ್ತದೆ. ಇದು ಮೊದಲನೆಯ ಗಾಳಿ. ಹೊರಗಿನಿಂದ ಬಂದು ಹೊರಗೇ ಹೋಗುವ ಗಾಳಿ.

ದೊಡ್ಡ ಫ್ಯಾನು ವ್ಯಾನಿನ ಒಳಗಿನ ಗಾಳಿಯನ್ನು ಎಳೆದು, ಬಿಸಿಯಾದ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಹಾಯಿಸಿ, ಮತ್ತೆ ಒಳಕ್ಕೇ ಬಿಡುತ್ತದೆ. ಇದು ಎರಡನೆಯ ಗಾಳಿ, ನಾವು ಉಸಿರಾಡುವ ಗಾಳಿ. ಎರಡರ ನಡುವೆ ಇರೋದು ಒಂದು ಲೋಹದ ಗೋಡೆ ಮಾತ್ರ. ಶಾಖ ಆ ಗೋಡೆ ದಾಟಬೇಕು, ಹೊಗೆ ದಾಟಬಾರದು.

ನಮ್ಮ ಅಜ್ಜಿ ಚಳಿಗಾಲದಲ್ಲಿ ಶೇಗಡಿ ಹಚ್ಚಿ ಕೂತಾಗ ಬಾಗಿಲು ಪೂರ್ತಿ ಹಾಕಲು ಬಿಡುತ್ತಿರಲಿಲ್ಲ. ಶೇಗಡಿಯಲ್ಲಿ ಎರಡೂ ಗಾಳಿ ಒಂದೇ. ಅದು ಅವರಿಗೆ ಗೊತ್ತಿತ್ತು. ಮುಚ್ಚಿದ ವ್ಯಾನಿನಲ್ಲಿ ಗ್ಯಾಸ್ ಒಲೆ ಉರಿಸಿ ಚಳಿ ಕಾಯಿಸಿಕೊಳ್ಳೋದು ಅಪಾಯ ಅನ್ನೋದೂ ಇದೇ ಕಾರಣಕ್ಕೆ. ಇನ್ನೊಂದು ಲಾಭವೂ ಇದೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರಿನಷ್ಟು ಆವಿ ಹುಟ್ಟುತ್ತದೆ. ಪಾರ್ಕಿಂಗ್ ಹೀಟರಿನಲ್ಲಿ ಅದೆಲ್ಲ ಹೊರಗೆ ಹೋಗುವುದರಿಂದ ಒಳಗೆ ಒಣ ಶಾಖ ಸಿಗುತ್ತದೆ, ಗಾಜು ಬೆವರುವುದು ಕಡಿಮೆಯಾಗುತ್ತದೆ.

2. ಮೊದಲು ಲೆಕ್ಕ, ಆಮೇಲೆ ಯಂತ್ರ

ಎಷ್ಟು ಕಿಲೋವ್ಯಾಟಿನ ಹೀಟರ್ ಬೇಕು ಅನ್ನೋದಕ್ಕೆ ಅಂಗಡಿಯವರನ್ನು ಕೇಳಬೇಕಿಲ್ಲ. ಚಾಲಕನ ಹಿಂದಿನ ಭಾಗ ಅಂದಾಜು 4 ಮೀ. ಉದ್ದ, 1.8 ಮೀ. ಅಗಲ, 1.8 ಮೀ. ಎತ್ತರ ಅಂದುಕೊಳ್ಳಿ. ನೆಲ, ಸೂರು, ಗೋಡೆ ಎಲ್ಲ ಸೇರಿ ಸುಮಾರು 35 ಚದರ ಮೀಟರ್ ಮೈ. ಹೊರಗೆ ಮೈನಸ್ 10, ಒಳಗೆ 15 ಡಿಗ್ರಿ ಬೇಕು, ಅಂತರ 25. ಬರೀ ತಗಡಿನ ಗೋಡೆಯಾದರೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 5 ವ್ಯಾಟ್ ಸೋರಿಹೋಗುತ್ತದೆ ಅಂತ ಹಿಡಿದರೆ ಒಟ್ಟು 4,375 ವ್ಯಾಟ್. ಒಳಗೆ 25 ಮಿ.ಮೀ. ಫೋಮ್ ಹಚ್ಚಿ ಆ 5ನ್ನು ಒಂದೂವರೆಗೆ ಇಳಿಸಿದರೆ ಬೇಕಾಗುವುದು 1,300 ವ್ಯಾಟ್ ಚಿಲ್ಲರೆ. ಅಂದ್ರೆ 2 ಕಿಲೋವ್ಯಾಟಿನ ಹೀಟರ್ ಸಾಕೋ ಸಾಲದೋ ಅನ್ನೋದನ್ನು ತೀರ್ಮಾನಿಸುವುದು ಹೀಟರ್ ಅಲ್ಲ, ಫೋಮ್.

ಚಾಲಕನ ಸೀಟಿಗೂ ಹಿಂದಿನ ಕೋಣೆಗೂ ನಡುವೆ ನಾವು ದಪ್ಪ ಸೊಲ್ಲಾಪುರಿ ಚಾದರ ಕಟ್ಟಿದೆವು. ಮುಂದಿನ ದೊಡ್ಡ ಗಾಜಿನಿಂದ ಹೋಗುವ ಶಾಖಕ್ಕೆ ಅದೊಂದು ತಡೆ. ಈ ಚಾದರ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಡೀಸೆಲ್ ಲೆಕ್ಕ: ಒಂದು ಲೀಟರಿನಲ್ಲಿ ಸುಮಾರು 10 ಕಿಲೋವ್ಯಾಟ್-ಗಂಟೆ ಶಕ್ತಿ. ನೂರಕ್ಕೆ ಎಂಬತ್ತು ಒಳಗೆ ಸಿಕ್ಕಿತು ಅಂದರೆ 2 ಕಿಲೋವ್ಯಾಟಿಗೆ ಗಂಟೆಗೆ ಕಾಲು ಲೀಟರ್. ಅರ್ಧ ಉರಿಯಲ್ಲಿ ಒಂಬತ್ತು ಗಂಟೆ ಓಡಿದರೆ ಒಂದು ಲೀಟರಿಗಿಂತ ತುಸು ಹೆಚ್ಚು. ರಾತ್ರಿಯೆಲ್ಲ ಇಂಜಿನ್ ಓಡಿಸಿಟ್ಟುಕೊಳ್ಳುವುದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ವಿದ್ಯುತ್ತಿನ ಲೆಕ್ಕದಲ್ಲಿ ಹೆಚ್ಚಿನವರು ಎಡವುತ್ತಾರೆ. ಓಡುವಾಗ ಹೀಟರಿಗೆ ಒಂದೆರಡು ಆಂಪಿಯರ್ ಸಾಕು. ಹೊತ್ತಿಸುವಾಗ ಮಾತ್ರ ಗ್ಲೋ ಪ್ಲಗ್ ಕೆಲವು ನಿಮಿಷ 10 ಆಂಪಿಯರ್‌ವರೆಗೆ ಎಳೆಯುತ್ತದೆ. ಬ್ಯಾಟರಿ ಖಾಲಿಯಾಗುವಷ್ಟು ಖರ್ಚೇನಲ್ಲ ಅದು. ತೊಂದರೆ ಇರೋದು ತಂತಿಯಲ್ಲಿ. ಬ್ಯಾಟರಿಯಿಂದ ಹೀಟರಿಗೆ 5 ಮೀಟರ್ ಅಂದರೆ ಹೋಗಿ ಬರುವ ದಾರಿ 10 ಮೀಟರ್. ಒಂದೂವರೆ ಚದರ ಮಿ.ಮೀ. ತಾಮ್ರದ ತಂತಿ ಹಾಕಿದರೆ 10 ಆಂಪಿಯರಿಗೆ ಸುಮಾರು 1.2 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 4 ಚದರ ಮಿ.ಮೀ. ಹಾಕಿದರೆ 0.45 ವೋಲ್ಟ್. ಚಳಿಯಲ್ಲಿ ಸೀಸದ ಬ್ಯಾಟರಿಯ ಶಕ್ತಿ ಮೊದಲೇ ಕುಗ್ಗಿರುತ್ತದೆ. ಬ್ಯಾಟರಿಯಲ್ಲಿ 11.6 ಇದ್ದು ಹೀಟರಿಗೆ 10.4 ತಲುಪಿದರೆ ಅದು ಬ್ಯಾಟರಿ ಸತ್ತಿದೆ ಅಂದುಕೊಂಡು ನಿಲ್ಲುತ್ತದೆ. ಮಾಲೀಕರು ಹೀಟರ್ ಕೆಟ್ಟಿದೆ ಅಂತ ಬೈಯುತ್ತಾರೆ. ತಪ್ಪು ತಂತಿಯದು.

3. ಕೂರಿಸುವ ಕೆಲಸ

ನಮ್ಮೂರಿನ ಒಂದು ಗ್ಯಾರೇಜಿನ ಅಂಗಳದಲ್ಲಿ, ಬೇವಿನ ಮರದ ನೆರಳಲ್ಲಿ ಕೆಲಸ ಮಾಡಿದೆವು. ಮುಖ್ಯವಾದ ಕೆಲವು ಹೆಜ್ಜೆಗಳನ್ನು ಮಾತ್ರ ಹೇಳ್ತೀನಿ.

ಹೀಟರ್ ವ್ಯಾನಿನ ಒಳಗೆ, ನೆಲದ ಮೇಲೆ ಕೂರುತ್ತದೆ. ಅದರ ಹೊಟ್ಟೆಯಡಿಯ ಮೂರು ಬಾಯಿಗಳು ಮಾತ್ರ ನೆಲ ತೂರಿ ಕೆಳಗೆ ಹೋಗಬೇಕು: ಉರಿಯುವ ಗಾಳಿ ಬರುವ ಬಾಯಿ, ಹೊಗೆ ಹೋಗುವ ಬಾಯಿ, ಡೀಸೆಲ್ ಬರುವ ಬಾಯಿ. ಮೂರನ್ನೂ ಹಿಡಿದಿಡಲು ಉಕ್ಕಿನ ತಟ್ಟೆ, ಅದರ ಮೇಲೆ ಗ್ಯಾಸ್ಕೆಟ್. ವ್ಯಾನಿನ ನೆಲ ಅಲೆಅಲೆಯಾಗಿರುತ್ತದೆ. ತಟ್ಟೆ ಸಮನಾಗಿ ಕೂರದಿದ್ದರೆ ಗ್ಯಾಸ್ಕೆಟ್ ಇದ್ದೂ ಇಲ್ಲದ ಹಾಗೆ. ಹೊಗೆ ಕೊಳವೆಯ ಯಾವ ಕೂಡಿಕೆಯೂ ವಾಹನದ ಒಳಗೆ ಬರಬಾರದು.

ಹೊಗೆ ಕೊಳವೆ ಬಾಗಿಲು, ಕಿಟಕಿಗಳ ಅಡಿಯಲ್ಲಿ ಕೊನೆಯಾಗಬಾರದು. ವಾಹನದ ಅಂಚಿನವರೆಗೆ ಹೋಗಬೇಕು. ನೆಲದಡಿಯಲ್ಲೇ ಬಿಟ್ಟರೆ ನಿಂತ ವಾಹನದ ಕೆಳಗೆ ಹೊಗೆ ಮಡುಗಟ್ಟುತ್ತದೆ. ಗಾಳಿ ಎಳೆಯುವ ಬಾಯಿ ಹೊಗೆಯ ಬಾಯಿಯಿಂದ ದೂರ ಇರಬೇಕು, ಇಲ್ಲದಿದ್ದರೆ ಯಂತ್ರ ತನ್ನ ಹೊಗೆಯನ್ನೇ ತಾನು ಕುಡಿಯುತ್ತದೆ. ಚಿಕ್ಕ ಸೈಲೆನ್ಸರಿಗೆ ನೀರು ಸೋರಲು ಒಂದು ಸಣ್ಣ ತೂತು ಇರುತ್ತದೆ. ಆ ತೂತಿನಿಂದ ಹೊಗೆಯೂ ಬರುತ್ತದೆ ಅನ್ನೋದನ್ನು ಮರೆಯಬಾರದು. ಅದು ಕೆಳಮುಖವಾಗಿ, ಹೊರಗೇ ಇರಬೇಕು.

ಪಂಪನ್ನು ಮಲಗಿಸಬಾರದು. ಡೀಸೆಲ್ ಹೊರಡುವ ತುದಿ ಮೇಲಿರುವಂತೆ ಓರೆಯಾಗಿ ಕಟ್ಟಿದರೆ ಗಾಳಿಗುಳ್ಳೆ ಒಳಗೆ ನಿಲ್ಲುವುದಿಲ್ಲ. ಟ್ಯಾಂಕಿನೊಳಗೆ ಇಳಿಬಿಡುವ ಕೊಳವೆ ತಳ ಮುಟ್ಟಬಾರದು. ತಳದಿಂದ ತುಸು ಮೇಲಿದ್ದರೆ ಹೀಟರ್ ಎಷ್ಟೇ ಓಡಿದರೂ ಇಂಜಿನಿಗೆ ಒಂದಿಷ್ಟು ಡೀಸೆಲ್ ಉಳಿಯುತ್ತದೆ. ನಿರ್ಜನ ಕಣಿವೆಯಲ್ಲಿ ಬೆಳಿಗ್ಗೆ ವಾಹನ ಹೊರಡಬೇಕಲ್ಲ.

ಇನ್ನು ಆರಿಸುವ ಬಗೆ. ಗುಂಡಿ ಒತ್ತಿದ ಕೂಡಲೇ ಹೀಟರ್ ನಿಲ್ಲುವುದಿಲ್ಲ. ಡೀಸೆಲ್ ನಿಲ್ಲಿಸಿ, ಕೆಲವು ನಿಮಿಷ ಫ್ಯಾನು ಓಡಿಸಿ ತನ್ನನ್ನು ತಾನು ತಣಿಸಿಕೊಳ್ಳುತ್ತದೆ. ನೇರವಾಗಿ ಬ್ಯಾಟರಿಯ ಸ್ವಿಚ್ ಆರಿಸಿದರೆ ಕಾದ ಲೋಹದಲ್ಲಿ ಶಾಖ ಸಿಕ್ಕಿಕೊಂಡು ಒಳಗಿನ ಭಾಗಗಳು ಹಾಳಾಗುತ್ತವೆ.

ವೈರುಗಳಿಗೆ ನೆಲದಲ್ಲಿ ಬೇರೆ ಒಂದು ತೂತು ಕೊರೆದೆವು. ಅದನ್ನು ನಾನು ರಬ್ಬರ್ ಬುಶ್ ಹಾಕಿ ಸೀಲ್ ಮಾಡಬೇಕಾಗಿತ್ತು. ಆ ದಿನ ಬುಶ್ ಸಿಗಲಿಲ್ಲ. ಆಮೇಲೆ ಹಾಕಿದರಾಯ್ತು ಅಂತ ಟೇಪು ಸುತ್ತಿದೆ. ಈ ವಾಕ್ಯವನ್ನೂ ನೆನಪಿಟ್ಟುಕೊಳ್ಳಿ.

4. ಕುಂಭಾರಿಯ ಪರೀಕ್ಷೆ

ಸೆಪ್ಟೆಂಬರ್ ಮುಗಿಯುವ ಹೊತ್ತು. ಬಿಸಿಲಲ್ಲಿ ನಿಂತ ವ್ಯಾನಿನ ಸುತ್ತ 38 ಡಿಗ್ರಿ. 20ಕ್ಕೆ ಇಟ್ಟರೆ ಹೀಟರ್ ಹೊತ್ತಿಕೊಳ್ಳಲೇ ಒಲ್ಲದು. ಕೋಣೆ ಈಗಾಗಲೇ ಬಿಸಿ ಇದೆ ಅನ್ನುತ್ತದೆ. ಕೊನೆಗೆ ಪಂಪಿನ ವೇಗವನ್ನು ಕೈಯಿಂದಲೇ ಹೊಂದಿಸುವ ವಿಧಾನದಲ್ಲಿಟ್ಟು ಓಡಿಸಿದೆವು. ಮೊದಲು ಒಂದಿಷ್ಟು ಬಿಳಿ ಹೊಗೆ, ಆಮೇಲೆ ಏನೂ ಕಾಣಿಸದಷ್ಟು ಸ್ವಚ್ಛ. ನಿಂತ ಜನ ನಕ್ಕರು. ಮಾವ ಒಳಗೆ ಬೆವರುತ್ತ ಕೂತು, "ತಮ್ಮಾ, ಬಿಸಿ ಗಾಳಿ ಬರ್ಲಿಕತ್ತದ. ಇನ್ನ ನಡೀರಿ ಹೋಗೂಣು" ಅಂದರು. ಒಂದು ಗಂಟೆ ಓಡಿತು. ಪರೀಕ್ಷೆ ಪಾಸು ಅಂತ ನಾನೂ ಬರೆದುಕೊಂಡೆ.

ಈಗ ಹಿಂತಿರುಗಿ ನೋಡಿದರೆ ಆ ಪರೀಕ್ಷೆ ಸಾಬೀತು ಮಾಡಿದ್ದು ಇಷ್ಟೇ: ತಂತಿ ಸರಿ ಇದೆ, ಡೀಸೆಲ್ ಬರುತ್ತಿದೆ, ಪ್ಲಗ್ ಹೊತ್ತುತ್ತಿದೆ. ಬಾಗಿಲುಗಳೆಲ್ಲ ತೆರೆದಿದ್ದವು. ಗಾಳಿ ದಟ್ಟವಾಗಿತ್ತು. ರಸ್ತೆಯ ಕುಲುಕಾಟ ಇನ್ನೂ ಆಗಿರಲಿಲ್ಲ. ಅಂದರೆ ಎರಡು ಗಾಳಿ ಬೇರೆ ಇವೆಯೇ ಎಂಬ ಮುಖ್ಯ ಪ್ರಶ್ನೆಯನ್ನು ನಾವು ಕೇಳಿರಲೇ ಇಲ್ಲ.

5. ಎತ್ತರ ಮಾಡುವ ಕೆಲಸ

ಮುಂದಿನ ಸ್ಲೈಡ್. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಕಿಲೋ ಅನ್ನೋದನ್ನು ಗಮನಿಸಿ, ಲೀಟರ್ ಅಲ್ಲ. ಫ್ಯಾನಿಗೆ ಲೀಟರ್ ಮಾತ್ರ ಗೊತ್ತು. ಒಂದು ಸುತ್ತಿಗೆ ಇಷ್ಟು ಲೀಟರ್ ಗಾಳಿ, ಅಷ್ಟೇ. ಪಂಪೂ ಹಾಗೆಯೇ, ಒಂದು ಬಡಿತಕ್ಕೆ ಇಷ್ಟು ಡೀಸೆಲ್. ಎತ್ತರಕ್ಕೆ ಹೋದಂತೆ ಡೀಸೆಲ್ಲಿನ ತೂಕ ಬದಲಾಗುವುದಿಲ್ಲ, ಗಾಳಿಯ ತೂಕ ಬದಲಾಗುತ್ತದೆ.

ಕುಂಭಾರಿ ಸಮುದ್ರಮಟ್ಟದಿಂದ ಐನೂರು ಮೀಟರಿನ ಒಳಗೇ ಇದೆ. ಗಾಳಿಯ ಒತ್ತಡ ಸುಮಾರು 958 ಹೆಕ್ಟೊಪಾಸ್ಕಲ್ ಅಂತ ಹಿಡಿದೆ. ಲೇಹ್ ಸುಮಾರು 3,500 ಮೀ., ಅಲ್ಲಿ 658. ಪ್ಯಾಂಗಾಂಗ್ ಸುಮಾರು 4,250 ಮೀ., ಅಲ್ಲಿ 597. ಒತ್ತಡವನ್ನಷ್ಟೇ ನೋಡಿದರೆ ಪ್ಯಾಂಗಾಂಗಿನಲ್ಲಿ ಗಾಳಿ ಕುಂಭಾರಿಯ ನೂರಕ್ಕೆ 62 ಭಾಗ. ಆದರೆ ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ. ನಾವು 38 ಡಿಗ್ರಿಯಲ್ಲಿ ಪರೀಕ್ಷಿಸಿದ್ದನ್ನು ಮೈನಸ್ 10ರಲ್ಲಿ ಓಡಿಸುವಾಗ ಚಳಿಯಿಂದ ಒಂದಿಷ್ಟು ಮರಳಿ ಸಿಗುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಮಾಡಿದರೆ, ಫ್ಯಾನಿನ ಒಂದು ಸುತ್ತಿಗೆ ಸಿಗುವ ಗಾಳಿಯ ತೂಕ ಲೇಹಿನಲ್ಲಿ ಕುಂಭಾರಿಯ 81 ಭಾಗ, ಪ್ಯಾಂಗಾಂಗಿನಲ್ಲಿ 74 ಭಾಗ.

ಕಾಲು ಭಾಗ ಗಾಳಿ ಕಡಿಮೆ, ಡೀಸೆಲ್ ಮಾತ್ರ ಅಷ್ಟೇ. ಫಲ ಏನು? ಮಸಿ. ಅದರ ಜೊತೆಗೆ, ಅರ್ಧ ಉರಿದ ಇಂಗಾಲ, ಅಂದರೆ ಕಾರ್ಬನ್ ಮಾನಾಕ್ಸೈಡ್. ಮಸಿ ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ.

ಕೆಲವು ಹೀಟರುಗಳು ಗಾಳಿಯ ಒತ್ತಡವನ್ನು ತಾವೇ ಅಳೆದು ಡೀಸೆಲ್ ಕಡಿಮೆ ಮಾಡಿಕೊಳ್ಳುತ್ತವೆ. ಕೆಲವಕ್ಕೆ ಬೇರೆ ಉಪಕರಣ ಕೂಡಿಸಬೇಕು. ನಮ್ಮದು ಎರಡೂ ಇಲ್ಲದ ಜಾತಿ; ಪಂಪಿನ ವೇಗವನ್ನು ನಾವೇ ಇಳಿಸಬೇಕಿತ್ತು. ಸಣ್ಣ ಉರಿಯಲ್ಲಿ ರಾತ್ರಿಗಟ್ಟಲೆ ಓಡಿಸಿದರೂ ಮಸಿ ಕೂಡುತ್ತದೆ. ಅದಕ್ಕೇ ಆಗಾಗ ಪೂರ್ತಿ ಉರಿಯಲ್ಲಿ ಸ್ವಲ್ಪ ಹೊತ್ತು ಓಡಿಸಿ ಒಳಗನ್ನು ಸುಟ್ಟು ಶುಚಿ ಮಾಡಬೇಕು.

ಡೀಸೆಲ್ ವಿಚಾರ ಚಿಕ್ಕದಾಗಿ. ನಮ್ಮ ದೇಶದ ಡೀಸೆಲ್ ಮಾನಕದಲ್ಲಿ ಹರಿಯುವಿಕೆ ನಿಲ್ಲುವ ತಾಪಮಾನದ ಮಿತಿ ಬೇಸಿಗೆಗೆ 15 ಡಿಗ್ರಿ, ಚಳಿಗಾಲಕ್ಕೆ 3 ಡಿಗ್ರಿ. ಸೊಲ್ಲಾಪುರದಲ್ಲಿ ತುಂಬಿದ ಡೀಸೆಲ್ ಲಡಾಖಿನ ರಾತ್ರಿಯಲ್ಲಿ ಮೇಣವಾಗಬಹುದು. ಹೀಟರಿನ ಸಪೂರ ಕೊಳವೆಯಲ್ಲಿ ಅದು ಎಲ್ಲಕ್ಕಿಂತ ಮೊದಲು ಕಟ್ಟುತ್ತದೆ. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಲಡಾಖಿಗಾಗಿಯೇ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಆ ಕಡೆ ಹೋಗುವವರು ಕೆಳಗಿನ ಡೀಸೆಲ್ಲನ್ನು ಖಾಲಿ ಮಾಡಿಕೊಂಡು ಮೇಲೆ ಸಿಗುವುದನ್ನು ತುಂಬಿಕೊಳ್ಳುವುದು ಲೇಸು.

6. ಆ ಎರಡು ರಾತ್ರಿ

ಅಕ್ಟೋಬರ್ ಕೊನೆಯ ವಾರ. ಲೇಹಿನಲ್ಲಿ ನಾಲ್ಕು ದಿನ ನಿಂತು, ಎತ್ತರಕ್ಕೆ ಮೈ ಹೊಂದಿಸಿಕೊಂಡು, ಪ್ಯಾಂಗಾಂಗ್ ದಂಡೆಗೆ ಹೋದೆವು. ಮಾವ ಹಿಂದೆ, ಹೀಟರಿನ ಪಕ್ಕದ ಹಾಸಿಗೆಯಲ್ಲಿ. ನಾನು ಚಾದರದ ಈಚೆ, ಮುಂದಿನ ಸೀಟುಗಳ ಮೇಲೆ. ಹೀಟರ್ ಕುಂಭಾರಿಯಲ್ಲಿ ಇಟ್ಟ ಹೊಂದಿಕೆಯಲ್ಲೇ ಓಡಿತು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇತ್ತು. ಡಬ್ಬಿಯಲ್ಲಿತ್ತು. ಸೆಲ್ಲು ಹಾಕಿರಲಿಲ್ಲ.

ಬೆಳಿಗ್ಗೆ ಮಾವ, "ತಲಿ ನೋಯ್ಲಿಕತ್ತದ, ವಾಂತಿ ಬಂದಂಗ ಆಗ್ತದ" ಅಂದರು. ಎತ್ತರದ ಕಾಯಿಲೆ ಅಂತ ಇಬ್ಬರೂ ಒಪ್ಪಿಕೊಂಡೆವು. ಬೆರಳಿಗೆ ಹಾಕುವ ಆಕ್ಸಿಮೀಟರ್ ತಂದಿದ್ದೆವು. ನನಗೆ 85 ತೋರಿಸಿತು, ಅವರಿಗೆ 92. ಮಾವ ಆ ಸ್ಥಿತಿಯಲ್ಲೂ ನಕ್ಕರು. "ನೋಡು, ಮುದುಕನ ರಕ್ತ ನಿನ್ನ ರಕ್ತಕ್ಕಿಂತ ಚೊಲೋ ಅದ." ಆ ಅಂಕಿ ನೋಡಿ ನನಗೆ ನೆಮ್ಮದಿಯಾಯಿತು. ಆಗಬಾರದಿತ್ತು.

ಯಾಕಂದ್ರೆ, ಮಾಮೂಲಿ ಆಕ್ಸಿಮೀಟರ್ ರಕ್ತದ ಕೆಂಪನ್ನು ಬೆಳಕಿನಿಂದ ಅಳೆಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಅದಕ್ಕೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿನ ಹಾಗೆಯೇ ಕಾಣುತ್ತದೆ. ವಿಷ ಏರಿದ್ದರೂ ಅಂಕಿ ಚೆನ್ನಾಗಿಯೇ ಇರುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು: ಎತ್ತರದ ಕಾಯಿಲೆಗೂ ಇವೇ ಲಕ್ಷಣ, ಈ ವಿಷಕ್ಕೂ ಇವೇ ಲಕ್ಷಣ. ಅಂದರೆ ಹೀಟರ್ ಅತಿ ಹೆಚ್ಚು ಬೇಕಾಗುವ ಜಾಗದಲ್ಲೇ ಅದರ ಸೋರಿಕೆಗೆ ಅತಿ ಒಳ್ಳೆಯ ಮರೆಯೂ ಇದೆ. ನಮ್ಮ ಮೈ ಕೊಡುವ ಎಚ್ಚರಿಕೆ ಅಲ್ಲಿ ಕೆಲಸಕ್ಕೆ ಬಾರದು.

ಮರುರಾತ್ರಿ ಅಲಾರಮಿಗೆ ಸೆಲ್ಲು ಹಾಕಿದ್ದು ನನ್ನ ಜಾಣತನದಿಂದಲ್ಲ. ಟಾರ್ಚಿಗೆ ಸೆಲ್ಲು ಹುಡುಕುವಾಗ ಆ ಡಬ್ಬಿ ಕೈಗೆ ಸಿಕ್ಕಿತು. ಸೆಲ್ಲು ಹಾಕಿ ಮಾವನ ತಲೆದಸಿಗೆ ಇಟ್ಟೆ. ರಾತ್ರಿ ಒಂದು ಗಂಟೆಯ ಸುಮಾರಿಗೆ ಅದು ಕೂಗಿತು. ನಾನು ಎದ್ದೆ. ಮಾವ ಏಳಲಿಲ್ಲ. ಎರಡು ಸಲ ಅಲುಗಾಡಿಸಿದ ಮೇಲೆ ಕಣ್ಣು ಬಿಟ್ಟರು. ಬಾಗಿಲುಗಳನ್ನೆಲ್ಲ ತೆರೆದು, ಹೀಟರ್ ಆರಿಸಿ, ಅವರನ್ನು ಚಾದರದಲ್ಲಿ ಸುತ್ತಿ ಹೊರಗೆ ಕೂರಿಸಿದೆ. ಮೈನಸ್ ಹತ್ತರ ಗಾಳಿಯಲ್ಲಿ ಇಬ್ಬರೂ ನಡುಗುತ್ತ ಬೆಳಗು ಮಾಡಿದೆವು. ಬೆಳಿಗ್ಗೆಯ ಹೊತ್ತಿಗೆ ಅವರ ತಲೆನೋವು ಇಳಿದಿತ್ತು; ಎತ್ತರ ಮಾತ್ರ ಅಷ್ಟೇ ಇತ್ತು.

ರಕ್ತಪರೀಕ್ಷೆ ಮಾಡಿಸಲಿಲ್ಲ. ಆದ್ದರಿಂದ ಮೊದಲ ದಿನದ 92 ಎಂಬ ಅಂಕಿಯನ್ನು ನಾನು ಸಾಕ್ಷ್ಯವಾಗಿ ಮಂಡಿಸುತ್ತಿಲ್ಲ, ಎಚ್ಚರಿಕೆಯಾಗಿ ಮಂಡಿಸುತ್ತಿದ್ದೇನೆ. ಅಲಾರಂ ಕೂಗಿದ ಕೂಡಲೇ ಆಸ್ಪತ್ರೆ ಇರುವ ಊರಿಗೆ ಇಳಿಯಬೇಕಾಗಿತ್ತು ಅನ್ನೋದನ್ನೂ ಒಪ್ಪಿಕೊಳ್ಳುತ್ತೇನೆ.

ಬೆಳಕಾದ ಮೇಲೆ ವ್ಯಾನಿನ ಅಡಿ ಮಲಗಿ ನೋಡಿದೆ. ಮೂರು ತಪ್ಪುಗಳು ಒಂದಕ್ಕೊಂದು ಕೈಕೊಟ್ಟಿದ್ದವು. ಹೊಗೆ ಕೊಳವೆಯ ಕ್ಲಾಂಪು ಕೆಟ್ಟ ರಸ್ತೆಯ ಕುಲುಕಿಗೆ ಸಡಿಲವಾಗಿ, ಕೂಡಿಕೆಯ ಸುತ್ತ ಕಪ್ಪು ಮಸಿಯ ಉಂಗುರ ಮೂಡಿತ್ತು. ಗಾಳಿ ಕಡಿಮೆಯಾಗಿ ಹೊಗೆ ಮೊದಲೇ ವಿಷಮಯವಾಗಿತ್ತು. ಒಳಗೆ ಬರಲು ದಾರಿ? ನಾನು ಟೇಪು ಸುತ್ತಿದ ವೈರಿನ ತೂತು. ಟೇಪು ಒಣಗಿ ಬಿಟ್ಟುಕೊಂಡಿತ್ತು. ಈ ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಬಹುಶಃ ಅಲಾರಂ ಕೂಗುತ್ತಿರಲಿಲ್ಲ. ಹೀಟರಿನ ಲೋಹದ ಗೋಡೆ ಗಟ್ಟಿಯಾಗಿಯೇ ಇತ್ತು. ಎರಡು ಗಾಳಿ ಕೂಡಿದ್ದು ಅದರ ಹೊರಗೆ, ನಾನು ಕೊರೆದ ತೂತಿನಲ್ಲಿ.

7. ತಿದ್ದಿಕೊಂಡದ್ದು

ಲೇಹಿಗೆ ಮರಳಿ ಕ್ಲಾಂಪು ಬದಲಿಸಿ, ತೂತಿಗೆ ರಬ್ಬರ್ ಬುಶ್ ಮತ್ತು ಸೀಲಂಟ್ ಹಾಕಿ, ಪಂಪಿನ ವೇಗ ಇಳಿಸಿದೆವು. ಊರಿಗೆ ಬಂದ ಮೇಲೆ ಒಂದು ಕ್ರಮ ಬರೆದಿಟ್ಟುಕೊಂಡೆ. ಅದನ್ನೇ ನಿಮ್ಮ ಮುಂದಿಡುತ್ತೇನೆ.

ಒಂದು, ಅಲಾರಂ ಮೊದಲು, ಹೀಟರ್ ಆಮೇಲೆ. ಕ್ಯಾಂಪರ್ ವಾಹನ ಮತ್ತು ದೋಣಿಗಳಿಗಾಗಿಯೇ ಇರುವ ಯುರೋಪಿನ ಇಎನ್ 50291-2 ಮಾನಕದ ಅಲಾರಂ ತೆಗೆದುಕೊಳ್ಳಿ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ ಇದ್ದರೆ ಅದು ಒಂದರಿಂದ ಒಂದೂವರೆ ಗಂಟೆಯೊಳಗೆ, 100 ಇದ್ದರೆ 10ರಿಂದ 40 ನಿಮಿಷದೊಳಗೆ, 300 ಇದ್ದರೆ 3 ನಿಮಿಷದೊಳಗೆ ಕೂಗಬೇಕು. ಮಲಗುವವರ ಉಸಿರಿನ ಮಟ್ಟದಲ್ಲಿ ಇಡಿ, ಹೀಟರಿನ ಬಿಸಿ ಗಾಳಿಯ ನೇರಕ್ಕೆ ಬೇಡ.

ಎರಡು, ಬಾಗಿಲು ಹಾಕಿ ಪರೀಕ್ಷಿಸಿ. ಬಯಲಲ್ಲಿ ನಿಲ್ಲಿಸಿ, ಎಲ್ಲ ಮುಚ್ಚಿ, ಒಳಗೆ ಯಾರೂ ಇಲ್ಲದೆ, ಅಲಾರಮಿನ ಅಂಕಿ ಹೊರಗಿನಿಂದ ಕಾಣುವಂತೆ ಇಟ್ಟು ಒಂದು ಗಂಟೆ ಓಡಿಸಿ. ನೂರು ಕಿ.ಮೀ. ಕೆಟ್ಟ ರಸ್ತೆಯ ನಂತರ ಇದನ್ನೇ ಮತ್ತೊಮ್ಮೆ ಮಾಡಿ.

ಮೂರು, ಮಸಿಯನ್ನು ಓದಿ. ಕೂಡಿಕೆಯ ಸುತ್ತ ಕಪ್ಪು ಉಂಗುರ ಕಂಡರೆ ಅದು ಸೋರಿಕೆಯ ಸಹಿ. ಕೊಳವೆಯ ತುದಿಯಲ್ಲಿ ಹಸಿ ಮಸಿ ಕಂಡರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ.

ನಾಲ್ಕು, ಎತ್ತರಕ್ಕೆ ಹೋದಾಗ ಹೊಂದಿಕೆ ಬದಲಿಸಿ, ಇಳಿದಾಗ ಮರಳಿಸಿ. ಹಿಮ ಬಿದ್ದ ಬೆಳಿಗ್ಗೆ ಹೊಗೆಯ ಬಾಯಿ ಮುಚ್ಚಿಲ್ಲವೇ ಅಂತ ನೋಡಿ.

ಐದು, ಅಲಾರಂ ಕೂಗಿದರೆ ಕಾರಣ ಹುಡುಕುತ್ತ ಒಳಗೆ ಕೂರಬೇಡಿ. ಮೊದಲು ಜನ ಹೊರಗೆ. ಆಮೇಲೆ ವೈದ್ಯರು. ಯಂತ್ರ ಕೊನೆಗೆ.

ಸಂವಾದ

ಅಧ್ಯಕ್ಷರು: ಹೀಟರ್ ಹಾಕುವುದಕ್ಕೆ ಕಾನೂನಿನ ಅಡ್ಡಿ ಇಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ, ಸರ್. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಣೆಗೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಓದಿತು. ಆದ್ದರಿಂದ ವ್ಯಾನನ್ನು ಕ್ಯಾಂಪರ್ ಮಾಡುವವರು ತೂತು ಕೊರೆಯುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ಕೇಳಿ, ಆದ ಬದಲಾವಣೆ ನೋಂದಣಿ ಪುಸ್ತಕದಲ್ಲಿ ಬರುವಂತೆ ನೋಡಿಕೊಳ್ಳಬೇಕು. ವಿಮೆಯವರಿಗೂ ತಿಳಿಸಬೇಕು. ವಾಹನದ ಹೀಟರುಗಳಿಗೆ ವಿಶ್ವಸಂಸ್ಥೆಯ 122ನೇ ನಿಯಮ ಅಂತ ಇದೆ. ಆ ಗುರುತು ಇರುವ ಯಂತ್ರ ಕೊಂಡರೆ ಒಳ್ಳೆಯದು.

ಒಬ್ಬ ವಿದ್ಯಾರ್ಥಿನಿ: ಇಷ್ಟೆಲ್ಲ ಅಪಾಯ ಇದ್ದರೆ ಹೀಟರ್ ಬಿಟ್ಟು ನಾಲ್ಕು ಚಾದರ ಹೆಚ್ಚು ಹೊದ್ದುಕೊಳ್ಳಬಹುದಲ್ಲ?

ಉತ್ತರ: ನಮ್ಮ ಅತ್ತೆಯೂ ಇದನ್ನೇ ಕೇಳಿದರು. ಹೊದಿಕೆ ಮೊದಲ ಉಪಾಯ ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಚಳಿ ತಡೆಯಲಾರದವರು ಸುಮ್ಮನೆ ಹೊದ್ದು ಮಲಗುವುದಿಲ್ಲ. ಕೆಂಡದ ಶೇಗಡಿ ಒಳಗೆ ತರುತ್ತಾರೆ, ಗ್ಯಾಸ್ ಒಲೆ ಹಚ್ಚುತ್ತಾರೆ. ಅವುಗಳಿಗಿಂತ ಸರಿಯಾಗಿ ಕೂರಿಸಿದ ಪಾರ್ಕಿಂಗ್ ಹೀಟರ್ ಎಷ್ಟೋ ಸುರಕ್ಷಿತ, ಯಾಕಂದ್ರೆ ಅದರ ವಿನ್ಯಾಸದಲ್ಲೇ ಹೊಗೆಗೆ ಬೇರೆ ದಾರಿ ಇದೆ. ನಾನು ವಿರೋಧಿಸುತ್ತಿರುವುದು ಹೀಟರನ್ನಲ್ಲ, ನಾನು ಸುತ್ತಿದ ಟೇಪನ್ನು.

ಒಬ್ಬ ಅಧ್ಯಾಪಕರು: ಈ ಅಧ್ಯಯನದಿಂದ ನಿಮ್ಮೂರಿಗೆ ಏನು ಉಪಯೋಗ?

ಉತ್ತರ: ನಮ್ಮ ಕಡೆಯ ಚಾಲಕರಿಗೆ ಬೇಕಾದದ್ದು ಬಿಸಿ ಅಲ್ಲ, ತಂಪು. 2025ರಿಂದಾಚೆ ತಯಾರಾಗುವ ಲಾರಿಗಳ ಚಾಲಕನ ಕೋಣೆಗೆ ಏರ್ ಕಂಡಿಷನ್ ಕಡ್ಡಾಯ ಮಾಡಿ 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಹಳೆಯ ಲಾರಿಗಳಿಗೆ ಅದರಿಂದ ಏನೂ ಸಿಗುವುದಿಲ್ಲ. ಆದರೆ ನಾನು ತೋರಿಸಿದ 5 ಮತ್ತು ಒಂದೂವರೆಯ ಲೆಕ್ಕ ಇದೆಯಲ್ಲ, ಅದು ತಿರುಗಿಸಿದರೂ ನಿಜ. ಮೈನಸ್ ಹತ್ತರ ಚಳಿ ತಡೆದ ಫೋಮು 43ರ ಬಿಸಿಲನ್ನೂ ತಡೆಯುತ್ತದೆ. ಮಾವ ಹೀಟರನ್ನು ಬಳಸಿದ್ದು ಹದಿನೈದು ದಿನ. ಆ ಗೋಡೆಗೆ ಹಚ್ಚಿದ ಫೋಮನ್ನು ವರ್ಷವಿಡೀ ಬಳಸುತ್ತಿದ್ದಾರೆ. ಮಧ್ಯಾಹ್ನ ಮನೆಯ ಪತ್ರಾಸಿನಡಿ ಮಲಗಲು ಆಗದಿದ್ದಾಗ ವ್ಯಾನಿನಲ್ಲಿ ಹೋಗಿ ಮಲಗುತ್ತಾರೆ. ತಲೆದಸಿಗೆ ಅಲಾರಂ ಇನ್ನೂ ಇದೆ. ಹೀಟರ್ ಆರಿದೆ, ಬೇಸಿಗೆ ಇದೆ, ಯಾಕೆ ಬೇಕು ಅಂತ ಕೇಳಿದೆ. "ಇರ್ಲಿ ಬಿಡು ತಮ್ಮಾ, ಒಂದು ಸಲ ಎಬ್ಬಿಸ್ಯದ" ಅಂದರು.

ಇಷ್ಟು ಹೇಳಿ ಮುಗಿಸುತ್ತೇನೆ.